ವೆಂಟಿಲೇಟರ್ ಮುಚ್ಚಿದ ಮಳೆಗಾಲ

ಯಡಿಯೂರಿನ ಅಮ್ಮನ ಮನೆಯಲ್ಲಿ ಬಚ್ಚಲಿಗೆ ಒಳಗಿನಿಂದ ಚಿಲಕ ಇಲ್ಲ. ಬಾಗಿಲು ಹೊಸದಾಗಿ ಬಂದಾಗ ಚಿಲಕ ಇತ್ತು. ಅಮ್ಮನೇ ಮುಂದೆ ನಿಂತು ಅದನ್ನು ಬಿಚ್ಚಿಸಿದಳು. ಸ್ಕ್ರೂ ಕೂತಿದ್ದ ನಾಲ್ಕು ತೂತುಗಳು ಮಾತ್ರ ಉಳಿದಿವೆ. ಮನೆಗೆ ಬಂದ ನೆಂಟರು ಇದನ್ನು ಕಂಡು ಮುಜುಗರ ಪಡುತ್ತಾರೆ, ಅಮ್ಮ ಕಾಣದವಳ ಹಾಗೆ ಇರುತ್ತಾಳೆ.

ಕಳೆದ ವಾರ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ. ಚಿನ್ನು ಟವೆಲ್ ಹೊದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಹೊರಗೆ ಬಟ್ಟೆ ಒಗೆಯುವ ಜಾಗದ ಗೋಡೆಯಲ್ಲಿರುವ ಗ್ಯಾಸ್ ಗೀಸರ್ ಟಿಕ್ ಟಿಕ್ ಟಿಕ್ ಎಂದು ಕಿಡಿ ಹಾರಿಸಿ ಭಗ್ ಎಂದು ಹೊತ್ತಿಕೊಂಡಿತು. ಎಷ್ಟೋ ವರ್ಷವಾಯಿತು, ಆ ಸದ್ದು ಕೇಳಿದರೆ ಈಗಲೂ ಎದ್ದು ಕೂರುತ್ತೇನೆ. ಅಮ್ಮ ಒಲೆಯ ಮೇಲಿನ ದೋಸೆ ಕಾವಲಿಯನ್ನು ಇಳಿಸಿ, ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಬಚ್ಚಲ ಬಾಗಿಲ ಹೊರಗೆ ಕೂತಳು.

“ಚಿನ್ನು, ಇದೀಯಾ?”

“ಇದೀನಿ ಅಜ್ಜಿ.”

ಎರಡು ನಿಮಿಷ ಕಳೆಯಿತು. “ಚಿನ್ನು, ಇದೀಯಾ?”

“ಎಲ್ಲಿಗ್ ಹೋಗ್ಲಿ ಅಜ್ಜಿ, ಸೋಪ್ ಹಚ್ಕೋತಿದೀನಿ.”

ಮಗಳಿಗೆ ಇದು ಅಜ್ಜಿಯ ಹುಚ್ಚು. ಅವಳಿಗೀಗ ಎಂಟು ವರ್ಷ. ಆ ಪ್ರಶ್ನೆ ಹುಟ್ಟಿದ ಮಳೆಗಾಲದಲ್ಲಿ ಅವಳು ಅಂಗೈಯಗಲದ ಮುಖದ ಕೂಸು, ನಾನು ಬಾಣಂತಿ.

ಹೆರಿಗೆ ಆದದ್ದು ಜೂನ್ ಕೊನೆಯಲ್ಲಿ, ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ. ಮೂರು ತಿಂಗಳ ಬಾಣಂತನಕ್ಕೆಂದು ಅಮ್ಮ ನನ್ನನ್ನು ತನ್ನ ಮನೆಗೆ ತಂದು ಹಿಂದಿನ ಕೋಣೆಯಲ್ಲಿ ಇಟ್ಟಳು. ಇಟ್ಟಳು ಎನ್ನುವುದೇ ಸರಿಯಾದ ಮಾತು. ಉಪ್ಪಿನಕಾಯಿ ಜಾಡಿಯನ್ನು ಬಾಯಿಗೆ ಬಟ್ಟೆ ಕಟ್ಟಿ ಅಟ್ಟದಲ್ಲಿ ಇಡುತ್ತಾರಲ್ಲ, ಹಾಗೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೆ ಸೀರೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಒಣಗಿದ ಚಪಾತಿ. ಓದಿದರೆ ಕಣ್ಣು ಹೋಗುತ್ತದೆ, ಫೋನ್ ನೋಡಿದರೆ ತಲೆ ಹೋಗುತ್ತದೆ, ಜೋರಾಗಿ ಮಾತಾಡಿದರೆ ನಂಜಾಗುತ್ತದೆ. ಕಿಟಕಿಯ ಮಾತಂತೂ ಎತ್ತುವ ಹಾಗೆಯೇ ಇಲ್ಲ. ಬಾಣಂತಿಗೆ ಗಾಳಿ ಸೋಕಿದರೆ ಜೀವಮಾನವಿಡೀ ಕೈಕಾಲು ಹಿಡಿದುಕೊಳ್ಳುತ್ತದೆ ಎಂದು ಅಮ್ಮನಿಗೆ ಅವಳಮ್ಮ ಹೇಳಿದ್ದಳು.

ನಾನು ಬ್ಯಾಂಕಿನ ಕೌಂಟರಿನಲ್ಲಿ ದಿನಕ್ಕೆ ನೂರು ಜನರ ಜೊತೆ ಜಗಳವಾಡಿ ಗೆದ್ದವಳು. ಆ ಕೋಣೆಯಲ್ಲಿ ಒಂದು ದಿನವೂ ಗೆಲ್ಲಲಿಲ್ಲ. ಮಳೆ ಸುರಿಯುವ ಸದ್ದು ಕೇಳುತ್ತಿತ್ತು, ಮಳೆ ಕಾಣುತ್ತಿರಲಿಲ್ಲ. ಮಧ್ಯಾಹ್ನವೋ ಸಂಜೆಯೋ ಗೊತ್ತಾಗುತ್ತಿರಲಿಲ್ಲ. ಗಂಡ ಭಾನುವಾರ ಭಾನುವಾರ ಜೆ.ಪಿ. ನಗರದಿಂದ ಬಂದು, ಬಾಗಿಲಲ್ಲಿ ನಿಂತು ಮಗುವನ್ನು ನೋಡಿ, “ಅತ್ತೆ ಹೇಳ್ದಂಗೆ ಕೇಳು ಸುಮಾ, ಮೂರು ತಿಂಗಳು ತಾನೆ,” ಎಂದು ಹೇಳಿ ಹೊರಟುಬಿಡುತ್ತಿದ್ದ. ಅವನ ಬೈಕ್ ಗೇಟು ದಾಟುವ ಸದ್ದು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಆ ಕೋಣೆಗೆ ಅಂಟಿಕೊಂಡೇ ಬಚ್ಚಲು. ಎರಡು ಜನ ನಿಂತರೆ ಮೊಣಕೈ ತಾಗುವಷ್ಟು ಜಾಗ. ಗ್ಯಾಸ್ ಗೀಸರ್ ಆಗ ಬಚ್ಚಲ ಒಳಗೇ, ನಲ್ಲಿಯ ಮೇಲ್ಗಡೆ ಗೋಡೆಯಲ್ಲಿತ್ತು. ಸಿಲಿಂಡರ್ ಹೊರಗಿತ್ತು, ಪೈಪು ಮಾತ್ರ ಗೋಡೆ ತೂರಿ ಒಳಗೆ ಬಂದಿತ್ತು. ಅದನ್ನು ಕೂರಿಸಿದ ದಿನ ಬಂದಿದ್ದವನು ಮೇಲಿನ ವೆಂಟಿಲೇಟರನ್ನು ತೋರಿಸಿ, ಇದನ್ನು ಯಾವತ್ತೂ ಮುಚ್ಚಬೇಡಿ ಎಂದು ಅಪ್ಪನಿಗೆ ಹೇಳಿ ಹೋಗಿದ್ದನಂತೆ. ಗಾಜಿನ ಪಟ್ಟಿಗಳಿದ್ದ ಆ ವೆಂಟಿಲೇಟರ್ ಹತ್ತು ವರ್ಷ ತೆರೆದೇ ಇತ್ತು. ಯಾರಿಗೂ ಏನೂ ಆಗಿರಲಿಲ್ಲ.

ನಾನು ಎಂಟು ತಿಂಗಳ ಬಸುರಿಯಾಗಿದ್ದಾಗ ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಏಳತೊಡಗಿತು. ಸಾರುವೆಯ ಮೇಲೆ ನಿಂತ ಗಾರೆ ಕೆಲಸದವರಿಗೆ ನಮ್ಮ ಬಚ್ಚಲು ಕಾಣುತ್ತದೆ ಎಂದು ಅಮ್ಮನಿಗೆ ಚಿಂತೆ ಹತ್ತಿತು. ಹೇಗೂ ಬಾಣಂತಿಗೆ ಗಾಳಿ ಆಗಬಾರದು. ಒಂದೇ ಕೆಲಸದಲ್ಲಿ ಎರಡೂ ಮುಗಿಯುತ್ತದೆ ಎಂದು ಟಿವಿ ಡಬ್ಬದಲ್ಲಿದ್ದ ಥರ್ಮೋಕೋಲನ್ನು ಅಳತೆಗೆ ಕತ್ತರಿಸಿ ವೆಂಟಿಲೇಟರಿಗೆ ಗಿಡಿದು, ಸುತ್ತ ಕಂದು ಟೇಪು ಹಚ್ಚಿದಳು. ಬಾಗಿಲ ಕೆಳಗಿನ ಸಂದಿಗೆ ಮಡಚಿದ ಗೋಣಿತಾಟು ಬಂತು. ಆ ದಿನ ಅಮ್ಮನನ್ನು ನೋಡಲು ಬಂದು, ಅವಳು ಹತ್ತಿದ್ದ ಸ್ಟೂಲಿನ ಪಕ್ಕ ನಿಂತು ಟೇಪನ್ನು ಹಲ್ಲಿನಲ್ಲಿ ಕಡಿದು ಕಡಿದು ಅಮ್ಮನಿಗೆ ಕೊಟ್ಟವಳು ನಾನೇ. ಇದನ್ನು ಹೇಳದೆ ಬರೀ ಅಮ್ಮನನ್ನು ದೂರಿದರೆ ತಪ್ಪಾಗುತ್ತದೆ.

ನೀರು ಹಾಕಲು ಗಂಗಮ್ಮ ಬರುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ನಾಲ್ಕು ಬಡಾವಣೆಯ ಬಾಣಂತಿಯರಿಗೆ ನೀರು ಹಾಕಿದವಳು. ಬಂದವಳೇ ಸೀರೆ ಎತ್ತಿ ಕಟ್ಟಿ, ಗೀಸರ್ ಹಚ್ಚಿ, ಚಿಲಕ ಹಾಕುತ್ತಿದ್ದಳು. ಚಿಲಕ ಹಾಕದಿದ್ದರೆ ಆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಮೊದಲು ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿ, ಹೊರಗೆ ಕಾದಿರುವ ಅಮ್ಮನ ಕೈಗೆ ಕೊಡುತ್ತಿದ್ದಳು. ಮತ್ತೆ ಚಿಲಕ. ಆಮೇಲೆ ನನ್ನ ಸರದಿ. ಬಕೆಟ್ ಮೇಲೆ ಬಕೆಟ್, ಸುಡುವ ನೀರು, ಸೊಂಟಕ್ಕೆ ಬೆನ್ನಿಗೆ ಚೊಂಬಿನಿಂದ ಬೀಸಿ ಬೀಸಿ ಹೊಡೆಯುತ್ತಿದ್ದಳು. ಅಪ್ಪ ಅಮ್ಮನ ಸ್ನಾನಕ್ಕೆ ಐದು ನಿಮಿಷ ಉರಿಯುತ್ತಿದ್ದ ಗೀಸರ್ ನಮಗೆ ಮುಕ್ಕಾಲು ಗಂಟೆ ನಿಲ್ಲದೆ ಉರಿಯುತ್ತಿತ್ತು. ಹಬೆಯಲ್ಲಿ ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

ನೀರು ಹಾಕಿಸಿಕೊಂಡು ಬಂದರೆ ತಲೆ ಸಿಡಿಯುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಮಂಚಕ್ಕೆ ಬೀಳುತ್ತಿದ್ದ ಹಾಗೆ ನಿದ್ದೆಯಲ್ಲದ ಒಂದು ಮಂಪರು ಹಿಡಿದು ಮಧ್ಯಾಹ್ನದವರೆಗೂ ಎಳೆದೊಯ್ಯುತ್ತಿತ್ತು. ಅಮ್ಮ ಕೋಣೆಗೆ ಸಾಂಬ್ರಾಣಿ ಹಾಕಿ, ಕಂಬಳಿ ಹೊದಿಸಿ, ಸಂತೋಷಪಡುತ್ತಿದ್ದಳು.

“ನೀರು ಚೆನ್ನಾಗಿ ಹಿಡಿದಿದೆ ನೋಡು. ಬಾಣಂತಿ ಅಂದ್ರೆ ಹಿಂಗೆ ಮಲಗ್ಬೇಕು.”

ಆ ನೀರು ಹಾಕುವುದೇ ಬಾಣಂತಿ ಸುಸ್ತಾಗಿ ಮಲಗಲಿ ಎಂದು. ಹಾಗಾಗಿ ಮಂಪರು ಬಂದರೆ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದೇ ಲೆಕ್ಕ. ತಲೆನೋವು ಎಂದರೆ ರಕ್ತ ಕಡಿಮೆ, ವಾಂತಿ ಎಂದರೆ ಪಿತ್ತ, ಅಳು ಎಂದರೆ ದೃಷ್ಟಿ. ಅಮ್ಮ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವೆಂದು ದೃಷ್ಟಿ ಭಾರಿ ಆಗಿದೆ ಎಂದು ತೀರ್ಮಾನವೂ ಆಯಿತು.

ಮಗುವೂ ಮಲಗುತ್ತಿತ್ತು. ಹಾಲಿಗೆ ಎಬ್ಬಿಸಿದರೂ ಕಣ್ಣು ಬಿಡುತ್ತಿರಲಿಲ್ಲ. ಬಂದವರೆಲ್ಲ ಎಂಥ ಸಾಧು ಕೂಸು, ಹುಟ್ಟಿದ್ದರೆ ಹೀಗೆ ಹುಟ್ಟಬೇಕು ಎಂದು ಹೊಗಳುತ್ತಿದ್ದರು. ಅವರ ಮುಂದೆ ನಾನು ಹೆಮ್ಮೆಯಿಂದ ನಕ್ಕಿದ್ದೇನೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ದಿನ ಮಂಪರಿನ ನಡುವೆಯೇ ಎದ್ದು ಕಿಟಕಿಯ ಕೊಂಡಿ ತೆಗೆದೆ. ಒಂದು ಬೊಗಸೆಯಷ್ಟು ತಂಪು ಗಾಳಿ ಮುಖಕ್ಕೆ ಬಂತು. ಒದ್ದೆ ಸಿಮೆಂಟಿನ ವಾಸನೆ, ಬಸ್ಸಿನ ಸದ್ದು. ಅಮ್ಮ ಓಡಿ ಬಂದು ಕಿಟಕಿ ಬಡಿದಳು.

“ನಿನಗೇನ್ ಬುದ್ಧಿ ಕೆಟ್ಟಿದ್ಯಾ? ಕೂಸಿಗೆ ಶೀತ ಆದ್ರೆ ಯಾರು ಹೊಣೆ?”

“ಅಮ್ಮ, ನನಗೆ ಉಸಿರು ಕಟ್ಟತ್ತೆ ಇಲ್ಲಿ.”

“ನಾವೂ ಹೆತ್ತಿದೀವಿ. ನಮಗ್ಯಾರಿಗೂ ಕಟ್ಟದೇ ಇರೋ ಉಸಿರು ನಿನಗೊಬ್ಬಳಿಗೆ ಕಟ್ಟತ್ತಾ?”

ನಾನು ಆಡಬಾರದ ಮಾತನ್ನೂ ಆಡಿದೆ. ನೀನು ನನ್ನನ್ನು ಸಾಯಿಸ್ತೀಯ ಎಂದೆ. ಅಮ್ಮ ಹೊರಗೆ ಹೋಗಿ ಸಬ್ಬಸಿಗೆ ಸೊಪ್ಪು ಸೋಸುತ್ತ ಕೂತಳು. ಪೇಪರಿನ ಹಿಂದಿದ್ದ ಅಪ್ಪ ಪೇಪರಿನ ಹಿಂದೆಯೇ ಉಳಿದರು.

ಸತ್ಯವನ್ನು ಮೊದಲು ಮುಟ್ಟಿದವಳು ಗಂಗಮ್ಮ. ಒಂದು ಬೆಳಿಗ್ಗೆ ಅಡುಗೆಮನೆ ಹೊಸ್ತಿಲಲ್ಲಿ ಕಾಫಿ ಹಿಡಿದು ಕೂತವಳು ಹಣೆ ಒತ್ತಿಕೊಳ್ಳುತ್ತ ಅಮ್ಮನಿಗೆ ಹೇಳಿದಳು. “ಅಮ್ಮಾವ್ರೆ, ದಿನಾ ಮೂರು ಮನೇಲಿ ನೀರು ಹಾಕ್ತೀನಿ. ನಿಮ್ಮನೇಲಿ ಮಾತ್ರ ತಲೆ ಒಡೆದು ಹೋಗ್ತದೆ. ಕಾಲಲ್ಲಿ ಶಕ್ತೀನೇ ಇರಾಕಿಲ್ಲ.”

ಅಮ್ಮನಿಗೆ ಅವಮಾನವಾಯಿತು. “ನಮ್ಮನೆಗೆ ಏನಾಗಿದೆ ಗಂಗಮ್ಮ? ವಯಸ್ಸಾಯ್ತು ನಿಮಗೆ, ಅಷ್ಟೆ.”

“ಅದೂ ಇರ್ಬೋದು. ಆದ್ರೆ ಆ ಗೀಸರ್ ಉರಿ ನೋಡಿದ್ರಾ? ಮೊದ್ಲು ನೀಲಿ ಇತ್ತು, ಈಗ ಅರಿಶಿನದ ಬಣ್ಣಕ್ಕೆ ತಿರುಗ್ತದೆ. ಹಂಡೆ ಒಲೆ ಇದ್ದಾಗ ಹೊಗೆ ಕಣ್ಣಿಗೆ ಕಾಣ್ತಿತ್ತು, ಕೆಮ್ಮು ಬಂದ್ರೆ ಬಾಗ್ಲು ತೆಗೀತಿದ್ವಿ. ಇದ್ರಲ್ಲಿ ಏನೂ ಕಾಣಾಕಿಲ್ಲ.”

ಕೋಣೆಯಲ್ಲಿ ಮಲಗಿದ್ದ ನನಗೆ ಇದೆಲ್ಲ ಕೇಳಿಸಿತು. ಏನೋ ಮುಖ್ಯವಾದದ್ದು ಎಂದು ಅನಿಸಿತು. ಆದರೆ ಆ ಯೋಚನೆಯನ್ನು ಹಿಡಿದು ಮುಂದಕ್ಕೆ ಎಳೆಯುವ ತ್ರಾಣ ತಲೆಯಲ್ಲಿ ಇರಲಿಲ್ಲ, ಮತ್ತೆ ಮಂಪರಿಗೆ ಜಾರಿದೆ.

ಅದಾದ ಮೂರನೆಯ ದಿನ ಶುಕ್ರವಾರ, ತಲೆಗೆ ನೀರು. ಹೊರಗೆ ಧಾರಾಕಾರ ಮಳೆ. ಶೀತಗಾಳಿ ಎಂದು ಅಮ್ಮ ಗೋಣಿತಾಟನ್ನು ಇನ್ನೊಂದು ಮಡಿಕೆ ಹೆಚ್ಚಿಸಿದಳು. ಮಗುವಿನ ಸ್ನಾನ ಮುಗಿದು ಅದು ಅಮ್ಮನ ಕೈ ಸೇರಿತು. ಗಂಗಮ್ಮ ಚಿಲಕ ಹಾಕಿ ನನ್ನ ತಲೆಗೆ ಸೀಗೆಪುಡಿ ಉಜ್ಜತೊಡಗಿದಳು. ನೀರು ಹುಯ್ಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. “ಅವ್ವಾ,” ಎಂದಳು. ಚೊಂಬು ಕೈಜಾರಿತು. ಗೋಡೆಗೆ ಒರಗಿ, ಮೆಲ್ಲಗೆ, ಕೂರುವವಳ ಹಾಗೆಯೇ ಕೆಳಗೆ ಕುಸಿದಳು.

ಏಳಬೇಕು ಎಂದುಕೊಂಡೆ. ಕಾಲಿಗೆ ಆ ಮಾತು ತಲುಪಲಿಲ್ಲ. ಚಿಲಕ ಎರಡು ಮಾರು ದೂರದಲ್ಲಿ ಕಾಣುತ್ತಿತ್ತು. ಅಷ್ಟು ಚಿಕ್ಕ ಬಚ್ಚಲಿನಲ್ಲಿ ಅದು ಯಾವತ್ತೂ ಅಷ್ಟು ದೂರ ಇರಲಿಲ್ಲ. ತೆವಳಲು ನೋಡಿದೆ, ಕೈ ಸೀಗೆಯಲ್ಲಿ ಜಾರಿತು. ಗೀಸರಿನ ಕಿಂಡಿಯೊಳಗೆ ಹಳದಿ ಉರಿ ಅಲ್ಲಾಡುತ್ತಿತ್ತು. ಗಂಗಮ್ಮ ಬಿಟ್ಟ ಚೊಂಬು ಕೈಗೆ ತಾಗಿತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ಬಾಗಿಲ ಕಡೆ ನೂಕಿದೆ, ಎಸೆಯಲು ಆಗಲಿಲ್ಲ. ಅದು ಉರುಳಿ ಹೋಗಿ ಬಾಗಿಲಿಗೆ ಟಣ್ ಎಂದು ಬಡಿಯಿತು.

“ಏನೇ ಅದು?” ಹೊರಗಿನಿಂದ ಅಮ್ಮನ ದನಿ. “ಗಂಗಮ್ಮ? ಸುಮಾ, ಇದೀಯಾ?”

ಇದೀನಿ ಎಂದೆ. ಮನಸ್ಸಿನಲ್ಲಿ ಎಂದೆ, ತುಟಿ ಕದಲಲಿಲ್ಲ.

“ಸುಮಾ, ಇದೀಯೇನೇ?”

ಇದೀನಮ್ಮ. ಬಾ. ಈ ಸಲವೂ ದನಿ ಬರಲಿಲ್ಲ. ನನ್ನ ಕಿವಿಗೆ ಎಲ್ಲವೂ ಕೇಳುತ್ತಿತ್ತು, ನನ್ನನ್ನು ಮಾತ್ರ ಯಾರೂ ಕೇಳಿಸಿಕೊಳ್ಳುವ ಹಾಗಿರಲಿಲ್ಲ. ಕೋಣೆಯಲ್ಲಿ ಹೂಳಿದ್ದು ಸಾಲದೆಂದು ಈಗ ಮೈಯೊಳಗೇ ಹೂಳಿದರು ಎಂದು ಅನಿಸಿದ್ದು ಚೆನ್ನಾಗಿ ನೆನಪಿದೆ. ಸಾಯುತ್ತೇನೆ ಎಂದು ಗೊತ್ತಾಯಿತು. ಭಯಕ್ಕಿಂತ ಹೆಚ್ಚಾಗಿ, ಮಗುವಿಗೆ ಹಾಲು ಕುಡಿಸಿಲ್ಲವಲ್ಲ ಎನ್ನುವ ಸಂಕಟ. ಅಮ್ಮ ಮೂರನೆಯ ಸಲ ಕೇಳಿದಳು. ಆಮೇಲೆ ಅವಳು ಅಪ್ಪನನ್ನು ಕೂಗಿದ ದನಿ ಅವಳದೇ ಎಂದು ಗುರುತು ಹತ್ತಲಿಲ್ಲ.

ಬಾಗಿಲು ಪ್ಲಾಸ್ಟಿಕ್ಕಿನದು, ಅದೇ ನಮ್ಮ ಪುಣ್ಯ. ಅಪ್ಪ ಒರಳು ಕಲ್ಲಿನ ಗುಂಡನ್ನು ಎತ್ತಿ ತಂದು ಚಿಲಕದ ಜಾಗಕ್ಕೆ ಬಡಿದರು. ನಮ್ಮಿಬ್ಬರನ್ನೂ ನಡುಮನೆಗೆ ಎಳೆದು ತಂದು, ಮುಂಬಾಗಿಲು ಹಿಂಬಾಗಿಲು ಎಲ್ಲ ತೆರೆದರು. ಅಮ್ಮ ನನ್ನ ಮೇಲೆ ಸೀರೆ ಹೊದಿಸಿ, ಮೂರು ವಾರ ಯಾವ ಗಾಳಿಯಿಂದ ಕಾದಿದ್ದಳೋ ಅದೇ ಗಾಳಿಯನ್ನು ಬೀಸಣಿಗೆಯಿಂದ ನನ್ನ ಮುಖಕ್ಕೆ ಬೀಸುತ್ತಿದ್ದಳಂತೆ.

ಆಸ್ಪತ್ರೆಯಲ್ಲಿ ನನಗೂ ಗಂಗಮ್ಮನಿಗೂ ಅಕ್ಕಪಕ್ಕದ ಹಾಸಿಗೆ, ಮುಖಕ್ಕೆ ಆಮ್ಲಜನಕದ ಮಾಸ್ಕ್. ಮಗುವನ್ನೂ ಪರೀಕ್ಷಿಸಿ ಒಂದು ದಿನ ಇಟ್ಟುಕೊಂಡರು. ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಮೊದಲು ಕೇಳಿದ್ದೇ, “ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದ್ಯಾ? ಕಿಟಕಿ ತೆಗೆದಿತ್ತಾ?”

ಅಮ್ಮ ತಲೆ ತಗ್ಗಿಸಿ ಹೇಳಿದಳು. “ಬಾಣಂತಿ ಅಲ್ವಾ ಡಾಕ್ಟ್ರೇ. ಗಾಳಿ ಸೋಕಬಾರ್ದು ಅಂತ ಮುಚ್ಚಿದ್ವಿ.”

“ಉರಿಗೂ ಉಸಿರು ಬೇಕಮ್ಮ. ಗಾಳಿ ಸಾಲದೇ ಉರಿದ್ರೆ ವಿಷಗಾಳಿ ಆಗತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಮಂಪರು, ಆಮೇಲೆ ಹಿಂಗೇ. ಇನ್ನೊಂದು ಹತ್ತು ನಿಮಿಷ ಆಗಿದ್ರೆ…”

ಆಗ ಅಪ್ಪ ಬಾಯಿಬಿಟ್ಟರು. “ಮುಚ್ಬೇಡಿ ಅಂತ ಗೀಸರ್‌ನೋನು ಹೇಳಿದ್ದ. ನನಗೆ ಜ್ಞಾಪಕ ಇತ್ತು. ಬಾಣಂತನ ಹೆಂಗಸರ ವಿಷಯ, ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ.” ಅಷ್ಟು ಹೇಳಿ ವಾರ್ಡಿನಲ್ಲೇ ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಗೆ ಬಂದ ಮೇಲೆ ಕುಮಾರಸ್ವಾಮಿ ಲೇಔಟಿನಿಂದ ಶಿವಣ್ಣ ಎನ್ನುವ ಗೀಸರ್ ರಿಪೇರಿಯವರು ಬಂದರು. ಬಚ್ಚಲೊಳಗೆ ಕಾಲಿಟ್ಟು, ಥರ್ಮೋಕೋಲನ್ನು ನೋಡಿ, ಗೋಣಿತಾಟನ್ನು ನೋಡಿ, ಗೀಸರಿನ ಮೇಲಿನ ಬಿಳಿ ಟೈಲ್ಸಿನ ಮೇಲೆ ಬೆರಳು ಎಳೆದು ಅಮ್ಮನಿಗೆ ತೋರಿಸಿದರು. ಬೆರಳ ತುದಿ ಕಪ್ಪು.

“ಈ ಮಸಿ ಯಾವಾಗಿಂದ ಇದೆ ಅಮ್ಮ?”

“ವಾರಕ್ಕೊಂದು ಸಲ ನಾನೇ ಉಜ್ಜಿ ತೊಳೀತಿದ್ದೆ,” ಎಂದಳು ಅಮ್ಮ. “ಮತ್ತೆ ಬರ್ತಿತ್ತು.”

“ಅದು ನಿಮಗೆ ಹೇಳೋಕೆ ಬರ್ತಿತ್ತು. ನೀವು ಅಳಿಸ್ತಾ ಇದ್ರಿ.”

ಗೀಸರನ್ನು ಬಚ್ಚಲೊಳಗೆ ಇನ್ನೊಂದು ದಿನವೂ ಇಡುವುದಿಲ್ಲ ಎಂದು ಅವರು ಹಟ ಹಿಡಿದರು. ಬಟ್ಟೆ ಒಗೆಯುವ ಜಾಗದ ತೆರೆದ ಗೋಡೆಗೆ ಅದನ್ನು ಸಾಗಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬಿಟ್ಟರು. ಬಿಸಿಲುಮಳೆಗೆ ಮೇಲೊಂದು ತಗಡು. ಎಕ್ಸಾಸ್ಟ್ ಫ್ಯಾನ್ ಹಾಕಿ ಒಳಗೇ ಇಟ್ಟರಾಗದೇ ಎಂದು ಅಪ್ಪ ಕೇಳಿದಾಗ, ಒಳಗೆ ಬರುವ ಗಾಳಿಗೆ ದಾರಿ ಇಲ್ಲದೆ ಬರೀ ಎಳೆಯುವ ಫ್ಯಾನ್ ಹಾಕಿದರೆ ಸುಟ್ಟ ಗಾಳಿಯನ್ನೇ ಅದು ವಾಪಸ್ಸು ಎಳೆಯುತ್ತದೆ ಎಂದು ಬಿಡಿಸಿ ಹೇಳಿದರು. ಇಷ್ಟಾದರೂ ಅವರಿಗೆ ಸಮಾಧಾನವಿರಲಿಲ್ಲ. ನಾಳೆ ಇನ್ಯಾರೋ ಬಂದು ಗೀಸರನ್ನು ಮತ್ತೆ ಒಳಗೆ ತಂದರೆ ಎಂದು, ಗೋಡೆಯಲ್ಲಿ ನೆಲದ ಹತ್ತಿರ ಒಂದು, ಸೂರಿನ ಹತ್ತಿರ ಒಂದು, ಇಟ್ಟಿಗೆಯಗಲದ ಕಿಂಡಿ ಕೊರೆದರು. ಕೆಳಗಿನದರಲ್ಲಿ ಗಾಳಿ ಒಳಗೆ, ಮೇಲಿನದರಲ್ಲಿ ಹೊರಗೆ.

ಅಮ್ಮ ಕಿಂಡಿಗೆ ಕೈಯಿಟ್ಟು ನೋಡಿ, ಅಭ್ಯಾಸಬಲದಿಂದ ಕೇಳಿದಳು. “ಇದಕ್ಕೆ ಮುಚ್ಚಳ ಬರಲ್ವಾ?”

“ಮುಚ್ಚಳ ಇದ್ರೆ ನೀವು ಮುಚ್ತೀರಲ್ಲಮ್ಮ,” ಎಂದರು ಶಿವಣ್ಣ. “ಅದಕ್ಕೇ ಬರಲ್ಲ.”

ಗಂಗಮ್ಮ ಎರಡು ವಾರ ಬಿಟ್ಟು ಬಂದಳು. ಬರುವುದಿಲ್ಲ ಎಂದುಕೊಂಡಿದ್ದೆವು. ಬಾಗಿಲು ತೆಗೆದಿಟ್ಟು ಅಡ್ಡ ಒಂದು ಸೀರೆ ಕಟ್ಟಿದರೆ ಮಾತ್ರ ನೀರು ಹಾಕುತ್ತೇನೆ ಎಂದಳು. ಅಮ್ಮ ತನ್ನ ಧರ್ಮಾವರಂ ಸೀರೆಯನ್ನೇ ತಂದು ಕಟ್ಟಿದಳು. ಆ ಮಳೆಗಾಲದ ಉಳಿದ ದಿನಗಳೆಲ್ಲ ಕಿಂಡಿಯ ಗಾಳಿ ಬೆನ್ನಿಗೆ ಬೀಸುತ್ತಿದ್ದ ಹಾಗೆಯೇ ನೀರು ಹಾಕಿಸಿಕೊಂಡೆ. ಶೀತ ಆಗಲಿಲ್ಲ, ಕೈಕಾಲೂ ಹಿಡಿದುಕೊಳ್ಳಲಿಲ್ಲ. ಸ್ನಾನವಾದ ಮೇಲೆ ಮಗು ಕೈಕಾಲು ಬಡಿದು ಬಾಯಿ ತುಂಬ ಅತ್ತಿತು. ಆ ಅಳು ಕೇಳಿ ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಗಿದ್ದರೂ ಆ ವಿಷಗಾಳಿ ಅವಳ ತಲೆಯಲ್ಲಿ ಏನು ಬಿಟ್ಟು ಹೋಗಿದೆಯೋ ಎನ್ನುವ ಹೆದರಿಕೆ ನನ್ನನ್ನು ಬಿಡಲಿಲ್ಲ. ಅವಳು ಮಗುಚಿದ ದಿನ, ಕೂತ ದಿನ, ಮೊದಲ ಮಾತು ಆಡಿದ ದಿನ, ಎಲ್ಲವನ್ನೂ ಉಸಿರು ಬಿಗಿಹಿಡಿದೇ ಕಾದೆ. ಈಗ ಅವಳು ಬಾಯಿ ಮುಚ್ಚುವುದಿಲ್ಲ ಎಂದು ಶಾಲೆಯವರು ದೂರುತ್ತಾರೆ, ನಾನು ಒಳಗೊಳಗೇ ಹಿಗ್ಗುತ್ತೇನೆ.

ಅಮ್ಮ ತಪ್ಪಾಯಿತು ಎಂದು ಒಂದು ಸಲವೂ ಹೇಳಲಿಲ್ಲ. ನಾನೂ ಕ್ಷಮಿಸಿದೆ ಎಂದು ಹೇಳಲಿಲ್ಲ. ಅವಳು ಹೊಸ ಬಾಗಿಲಿನ ಚಿಲಕ ಬಿಚ್ಚಿಸಿದಳು, ಸ್ಟೂಲ್ ಹಾಕಿಕೊಂಡು ಕೂರುವುದನ್ನು ಶುರುಮಾಡಿದಳು. ನಾನು ಅವಳ ಪ್ರಶ್ನೆಗೆ ಉತ್ತರ ಕೊಡುತ್ತ ಬಂದೆ. ನಮ್ಮ ನಡುವೆ ಆದದ್ದು ಅಷ್ಟೆ.

ಕಳೆದ ವಾರ ಚಿನ್ನು ಹೊರಬಂದ ಮೇಲೆ ನಾನು ಸ್ನಾನಕ್ಕೆ ಹೋದೆ. ಕೆಳಗಿನ ಕಿಂಡಿಯಿಂದ ಮಳೆಯ ತಂಪು ಕಾಲಿಗೆ ಸೋಕುತ್ತಿತ್ತು. ಅಮ್ಮ ಸ್ಟೂಲಿನಿಂದ ಎದ್ದೇ ಇರಲಿಲ್ಲ.

“ಸುಮಾ, ಇದೀಯಾ?”

ನಾನು ಉತ್ತರ ಕೊಡಲಿಲ್ಲ. ಯಾಕೆಂದು ಕೇಳಿದರೆ ನಾಚಿಕೆಯಾಗುತ್ತದೆ. ಎಂಟು ವರ್ಷದಿಂದ ಒಳಗೆ ಕೂತಿದ್ದ ಒಂದು ಸಿಟ್ಟು, ಒಂದೇ ಒಂದು ಸಲ ಅವಳಿಗೂ ತಿಳಿಯಲಿ ಎಂದಿತು. ಚೊಂಬು ಹಿಡಿದು ಸುಮ್ಮನೆ ನಿಂತೆ.

ಅವಳು ಎರಡನೆಯ ಸಲ ಕೇಳಲಿಲ್ಲ. ಸ್ಟೂಲ್ ಉರುಳಿದ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆದು, ಬಳೆಯ ಕೈಯೊಂದು ಒಳಗೆ ಬಂದು ಗಾಳಿಯಲ್ಲಿ ನನ್ನನ್ನು ತಡಕಾಡಿತು.

“ಇದೀನಮ್ಮ,” ಎಂದೆ. “ಇದೀನಿ.” ಸೋಪಿನ ಕೈಯಲ್ಲೇ ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ನಾನೂ ಬಿಡಲಿಲ್ಲ. ಬಾಗಿಲ ಆಚೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

ಬಹಳ ಹೊತ್ತಾದ ಮೇಲೆ ಕೇಳಿದಳು. “ಗಾಳಿ ಬರ್ತಿದೆಯಲ್ಲೇ. ಬಾಗ್ಲು ಹಾಕ್ಲಾ?”

“ಬೇಡಮ್ಮ,” ಎಂದೆ. “ಬರ್ಲಿ.”